ಸೊಂಟವಿರುವ ಹಲಗೆ

ದೂರದಿಂದ ನೋಡಿದವರಿಗೆ ಸ್ಕೀ ಎಂದರೆ ಮೂತಿ ಮೇಲಕ್ಕೆ ಬಾಗಿದ ಒಂದು ಉದ್ದನೆಯ ಹಲಗೆ, ಅಷ್ಟೆ. ನೆಲದ ಮೇಲೆ ಮಲಗಿಸಿ ಹತ್ತಿರದಿಂದ ನೋಡಿದಾಗ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೂತಿ ಮತ್ತು ಬಾಲದ ಕಡೆ ಅಗಲವಾಗಿರುವ ಅದು ಪಾದ ನಿಲ್ಲುವ ನಡುಭಾಗದಲ್ಲಿ ಕಿರಿದಾಗುತ್ತದೆ, ಹಲಗೆಗೊಂದು ಸೊಂಟವಿದೆ. ಆ ನಡುಭಾಗ ನೆಲಕ್ಕೆ ತಾಗುವುದೂ ಇಲ್ಲ. ತುಸು ಮೇಲಕ್ಕೆ ಉಬ್ಬಿ ನಿಂತಿದ್ದು, ಮನುಷ್ಯನ ಭಾರ ಬಿದ್ದಾಗಷ್ಟೇ ನೆಲ ಮುಟ್ಟುತ್ತದೆ. ಬೆಟ್ಟ ಇಳಿಯುವ ಸ್ಕೀಗಳ ನೂರೈವತ್ತು ವರ್ಷಗಳ ಕಥೆಯನ್ನು ಈ ಸೊಂಟ ಮತ್ತು ಈ ಉಬ್ಬಿನ ಕಥೆಯಾಗಿಯೇ ಹೇಳಬಹುದು.

ಸೊಂಟದ ಕೆಲಸ ಏನು? ಇಳಿಯುವಾತ ಕಾಲನ್ನು ಪಕ್ಕಕ್ಕೆ ವಾಲಿಸಿದಾಗ ಸ್ಕೀ ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ಅಗಲವಾದ ಮೂತಿ, ಬಾಲಗಳು ಮೊದಲು ಹಿಮಕ್ಕೆ ತಾಗುತ್ತವೆ. ನಡುವೆ ಭಾರ ಬಿದ್ದು ಸೊಂಟವೂ ಹಿಮ ಮುಟ್ಟುವಷ್ಟರಲ್ಲಿ ಇಡೀ ಸ್ಕೀ ಕಮಾನಾಗಿ ಬಗ್ಗಿರುತ್ತದೆ. ಆ ಕಮಾನಿನ ಗುಂಟ ಅದು ತಾನಾಗಿ ತಿರುಗುತ್ತದೆ. ಸೊಂಟ ಸಣ್ಣದಾದಷ್ಟೂ ತಿರುವು ಚಿಕ್ಕದು. ಸೊಂಟವಿಲ್ಲದ ಹಲಗೆಯನ್ನು ತಿರುಗಿಸಬೇಕೆಂದರೆ ಮೈಯನ್ನೆಲ್ಲ ತಿರುಚಿ, ಬಾಲವನ್ನು ಹಿಮದ ಮೇಲೆ ಅಡ್ಡಡ್ಡ ತಳ್ಳಬೇಕಾಗುತ್ತದೆ.

ಈ ಗುಟ್ಟು ಹೊಸದಲ್ಲ. ಹಿಮದ ಮೇಲೆ ನಡೆಯಲು ಮನುಷ್ಯ ಕಾಲಿಗೆ ಹಲಗೆ ಕಟ್ಟಿಕೊಂಡು ಸಾವಿರಾರು ವರ್ಷಗಳಾದವು. ಸ್ವೀಡನ್ನಿನ ಕಾಲ್ವ್‌ಟ್ರಾಸ್ಕ್‌ನಲ್ಲಿ ಸಿಕ್ಕ ಸ್ಕೀಗೆ ಐದು ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸು. ಆದರೆ ಇಳಿಜಾರಿನಲ್ಲಿ ತಿರುಗುವುದನ್ನೇ ಒಂದು ವಿದ್ಯೆಯನ್ನಾಗಿ ಬೆಳೆಸಿದವರು ನಾರ್ವೆಯ ಟೆಲೆಮಾರ್ಕ್ ಪ್ರಾಂತ್ಯದ ಹಳ್ಳಿಗರು. ಮೋರ್ಗೆದಾಲ್ ಎಂಬಲ್ಲಿ 1825ರಲ್ಲಿ ಹುಟ್ಟಿದ ಬಡ ಗೇಣಿದಾರ ಸೋಂದ್ರೆ ನೂರ್‌ಹೈಮ್ ಅವರಲ್ಲಿ ಮುಖ್ಯನಾದವನು. ತೆಳ್ಳಗಿನ ಕೊಂಬೆಗಳನ್ನು ಹೊಸೆದು ಹಿಮ್ಮಡಿಯನ್ನು ಸುತ್ತುವ ಕಟ್ಟು ಮಾಡಿಕೊಂಡ. ಹಲಗೆಯ ನಡುವನ್ನು ಕಿರಿದಾಗಿಸಿದ. 1868ರಲ್ಲಿ ಇಂದಿನ ಓಸ್ಲೊ ನಗರದ ಸ್ಪರ್ಧೆಯಲ್ಲಿ ನಲವತ್ತು ದಾಟಿದ ಈ ಹಳ್ಳಿಗ ಪಟ್ಟಣದವರೆದುರು ಇಳಿದು ತೋರಿಸಿ ಗೆದ್ದ. ಆಮೇಲೆ ಅಮೆರಿಕಕ್ಕೆ ವಲಸೆ ಹೋಗಿ 1897ರಲ್ಲಿ ನಾರ್ತ್ ಡಕೋಟಾದಲ್ಲಿ ತೀರಿಕೊಂಡ.

ಸೊಂಟದ ಗುಟ್ಟು 1860ರ ದಶಕಕ್ಕೇ ಗೊತ್ತಿದ್ದರೂ ಅದು ಪೂರ್ತಿ ಫಲ ಕೊಟ್ಟದ್ದು 1990ರ ದಶಕದಲ್ಲಿ. ಇಷ್ಟು ತಡವಾಗಲು ದೊಡ್ಡ ಕಾರಣ ಮರ. ಮರದ ಸ್ಕೀಯನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಅದು ಬಗ್ಗುವುದಷ್ಟೇ ಅಲ್ಲ, ಒದ್ದೆ ಪಂಚೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ತಿರುಚಿಕೊಂಡ ಮೂತಿ ಹಿಮದ ಹಿಡಿತ ಬಿಟ್ಟುಕೊಡುತ್ತದೆ. ಸೊಂಟವನ್ನು ಇನ್ನೂ ಸಣ್ಣ ಮಾಡಿ, ಮೂತಿಯನ್ನು ಇನ್ನೂ ಅಗಲ ಮಾಡಿದರೆ ಈ ಕಷ್ಟವೂ ಹೆಚ್ಚು. ಹಾಗಾಗಿ ಕುಶಲಕರ್ಮಿಗಳು ಅಂಚು ಕೆಲವೇ ಮಿಲಿಮೀಟರ್ ಒಳಸರಿದ ಸೊಂಟದಲ್ಲಿ ತೃಪ್ತಿಪಟ್ಟುಕೊಂಡರು. ಆಕಾರದ ಕಲ್ಪನೆ ಮೊದಲೇ ಇತ್ತು, ಅದನ್ನು ಹೊರಬಲ್ಲ ವಸ್ತು ಇರಲಿಲ್ಲ. ಹಳೆಯ ಸ್ಕೀಗಳನ್ನು ಹೀಗೆ ನೋಡಿದಾಗಲೇ ಅವುಗಳ ಮೇಲೆ ಗೌರವ ಹುಟ್ಟುತ್ತದೆ ಎಂದು ನನ್ನ ಭಾವನೆ.

ಮರದಲ್ಲೇ ಎಷ್ಟು ಸಾಧ್ಯವೋ ಅಷ್ಟನ್ನೂ ಆ ಜನ ಮಾಡಿದರು. ಗಡುಸಾದ, ಬೇಗ ಸವೆಯದ ಹಿಕರಿ ಮರ ಅಮೆರಿಕದಿಂದ ಯುರೋಪಿಗೆ ಬಂತು. 1930ರ ದಶಕದ ಆರಂಭದಲ್ಲಿ ನಾರ್ವೆಯವರು ತೆಳು ಪಟ್ಟಿಗಳನ್ನು ಅಂಟಿಸಿ ಪದರಪದರದ ಸ್ಕೀ ತಯಾರಿಸಿದರು. ಸ್ಪ್ಲಿಟ್‌ಕೈನ್ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಆ ಪಟ್ಟಿಗಳನ್ನು ಹಿಡಿದಿಟ್ಟದ್ದು ಹಾಲಿನ ಕೇಸೀನಿನಿಂದ ಮಾಡಿದ ಅಂಟು. ಒಂದೇ ಮರದ ತುಂಡಿನಂತೆ ಇವು ಸೊಟ್ಟಗಾಗುತ್ತಿರಲಿಲ್ಲ, ತೂಕವೂ ಕಡಿಮೆ. ಅದಕ್ಕೂ ಮುಂಚೆ, 1926ರಲ್ಲಿ, ಸಾಲ್ಜ್‌ಬರ್ಗ್‌ನ ಪರ್ವತಾರೋಹಿ ರುಡಾಲ್ಫ್ ಲೆಟ್ನರ್ ಸ್ಕೀಯ ಅಂಚಿಗೆ ಉಕ್ಕಿನ ಪಟ್ಟಿ ಕೂರಿಸುವ ಉಪಾಯ ತಂದಿದ್ದ. ಗಟ್ಟಿಯಾದ ಹಿಮದ ಮೇಲೆ ಮರದ ಅಂಚು ಜಾರಿಬಿಡುತ್ತದೆ, ಉಕ್ಕು ಕಚ್ಚಿ ಹಿಡಿಯುತ್ತದೆ. ಇಡೀ ಉದ್ದಕ್ಕೆ ಒಂದೇ ಪಟ್ಟಿ ಹಾಕಿದರೆ ಸ್ಕೀ ಬಗ್ಗುವುದಿಲ್ಲ. ಅದಕ್ಕಾಗಿ ಲೆಟ್ನರ್ ಚಿಕ್ಕಚಿಕ್ಕ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಸಣ್ಣ ತಿರುಪುಗಳಿಂದ ಬಿಗಿದ. ತಿರುಪು ಸಡಿಲಾಗಿ ತುಂಡುಗಳು ಉದುರುತ್ತಿದ್ದುದರಿಂದ ಆ ಕಾಲದವರು ಜೇಬಿನಲ್ಲಿ ಬಿಡಿ ತುಂಡುಗಳನ್ನೂ ತಿರುಪುಳಿಯನ್ನೂ ಇಟ್ಟುಕೊಂಡೇ ಬೆಟ್ಟಕ್ಕೆ ಹೋಗುತ್ತಿದ್ದರು.

ಇಳಿಯುವುದನ್ನು ಒಂದು ಪ್ರತ್ಯೇಕ ಕ್ರೀಡೆಯಾಗಿ ರೂಪಿಸಿದವರಲ್ಲಿ ಮೊದಲ ಸಾಲಿನ ಅರ್ನಾಲ್ಡ್ ಲನ್ ಹುಟ್ಟಿದ್ದು ನಮ್ಮ ಪಕ್ಕದ ಮದರಾಸಿನಲ್ಲಿ, 1888ರಲ್ಲಿ. ತಂದೆ ಮೆಥಡಿಸ್ಟ್ ಪಾದ್ರಿಯಾಗಿ ಬಂದಿದ್ದರು. 1911ರಲ್ಲಿ ಸ್ವಿಟ್ಜರ್ಲೆಂಡಿನ ಮೊಂಟಾನಾದಲ್ಲಿ ಲನ್ ಏರ್ಪಡಿಸಿದ ಇಳಿಜಾರಿನ ಓಟಕ್ಕೆ ಕಪ್ ಕೊಟ್ಟವರು ಕಾನ್ಪುರದಲ್ಲಿ ಹುಟ್ಟಿದ ಸೇನಾನಿ, ಕಂದಹಾರದ ಲಾರ್ಡ್ ರಾಬರ್ಟ್ಸ್. ಆ ಕಪ್ಪಿನಿಂದ ಕಂದಹಾರ್ ಎಂಬ ಹೆಸರು ಒಂದು ಸ್ಕೀ ಕ್ಲಬ್ಬಿಗೆ ಹೋಯಿತು. 1929ರಲ್ಲಿ ಸ್ವಿಸ್ ಸ್ಕೀಪಟು ಗುಯಿಡೊ ರೋಜ್ ರೂಪಿಸಿದ ತಂತಿಯ ಬೈಂಡಿಂಗಿಗೂ, ಅಂದರೆ ಬೂಟನ್ನು ಸ್ಕೀಗೆ ಬಿಗಿಯುವ ಕಟ್ಟಿಗೂ, ಅದೇ ಹೆಸರಾಯಿತು. ಬೂಟಿನ ಹಿಂಬದಿಯನ್ನು ಸುತ್ತಿ ಬರುವ ಉಕ್ಕಿನ ತಂತಿಯನ್ನು ಸ್ಕೀಯ ಪಕ್ಕದ ಕೊಕ್ಕೆಗಳಿಗೆ ಸಿಕ್ಕಿಸಿದರೆ ಹಿಮ್ಮಡಿ ಮೇಲೇಳದಂತೆ ಹಿಡಿಯುತ್ತಿತ್ತು. ಮೊದಲು ಬೆಟ್ಟ ಹತ್ತಲೂ ಇಳಿಯಲೂ ಒಂದೇ ಸ್ಕೀ ಸಾಕಿತ್ತು. ಹಿಮ್ಮಡಿ ಬಿಗಿಯಾಗಿ, ಹತ್ತಿಸಿಬಿಡುವ ಹಗ್ಗ, ಕುರ್ಚಿಗಳು ಬಂದ ಮೇಲೆ ಇಳಿಯುವ ಸ್ಕೀ ತನ್ನದೇ ದಾರಿ ಹಿಡಿಯಿತು.

ಇನ್ನು ಮರದ ತಿರುಚಿನ ಕಷ್ಟಕ್ಕೆ ಉತ್ತರ ಹುಡುಕಿದ ಹೊವರ್ಡ್ ಹೆಡ್. ಈತ ಅಮೆರಿಕದ ಬಾಲ್ಟಿಮೋರಿನ ವಿಮಾನ ಕಾರ್ಖಾನೆಯೊಂದರ ಎಂಜಿನಿಯರ್. 1947ರಲ್ಲಿ ವರ್ಮಾಂಟಿನ ಸ್ಟೋ ಎಂಬಲ್ಲಿ ಸ್ಕೀ ಮಾಡಲು ಹೋಗಿ, ಸರಿಯಾಗಿ ತಿರುಗಲಾರದೆ, ತಪ್ಪು ಮರದ ಹಲಗೆಯದು ಎಂದುಕೊಂಡು ಮರಳಿದ. ವಿಮಾನದ ಕೆಲಸದಲ್ಲಿ ಅವನಿಗೆ ಒಂದು ವಿದ್ಯೆ ಗೊತ್ತಿತ್ತು: ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಹಗುರ ವಸ್ತುವನ್ನಿಟ್ಟು ಅಂಟಿಸಿದರೆ ತೂಕ ಕಡಿಮೆ, ಬಿಗುವು ಹೆಚ್ಚು. ಪೋಕರ್ ಆಟದಲ್ಲಿ ಗೆದ್ದ 6,000 ಡಾಲರುಗಳೇ ಬಂಡವಾಳ. ಮೋಟಾರಿನ ಹಳೆಯ ಎಣ್ಣೆಯನ್ನು ಕಾಯಿಸಿ ಅದರಲ್ಲಿ ಸ್ಕೀಗಳನ್ನು ಬೇಯಿಸಿ ಅಂಟು ಹಿಡಿಸಿದ.

ಮೊದಲ ಆರು ಜೋಡಿಗಳನ್ನು ಸ್ಟೋದ ತರಬೇತುದಾರರು ಬಗ್ಗಿಸಿ ನೋಡಿದರು, ತುಳಿದು ನೋಡಿದರು. ಎಲ್ಲವೂ ಮುರಿದವು. ಹೆಡ್ ಮುರಿದವುಗಳನ್ನು ತರಿಸಿಕೊಂಡು ಎಲ್ಲಿ ಸೀಳಿದೆ ಎಂದು ನೋಡಿ ಮತ್ತೆ ಮಾಡಿದ, ಅವೂ ಮುರಿದವು. ಅಲ್ಯೂಮಿನಿಯಂ ತಳಕ್ಕೆ ಹಿಮ ಮೆತ್ತಿಕೊಳ್ಳುತ್ತದೆ ಎಂದು ಗೊತ್ತಾದಾಗ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಕಿದ. ಮಧ್ಯಕ್ಕೆ ಪ್ಲೈವುಡ್ ತಂದ. ಅಂಚಿಗೆ ಒಂದೇ ಉದ್ದದ ಉಕ್ಕು ಕೂರಿಸಿದ. ನಲವತ್ತರಷ್ಟು ಪ್ರಯತ್ನಗಳ ನಂತರ, 1950ರ ಹೊತ್ತಿಗೆ, ಮುರಿಯದ ಸ್ಕೀ ಸಿದ್ಧವಾಯಿತು. ಬೆಲೆ 85 ಡಾಲರ್. ಆಗ ಮರದ ಜೋಡಿ ಅದರ ಮೂರನೇ ಒಂದು ಭಾಗಕ್ಕೆ ಸಿಗುತ್ತಿತ್ತು. ಆದರೂ ಜನ ಕೊಂಡರು, ಏಕೆಂದರೆ ಅದು ತಿರುಚಿಕೊಳ್ಳುತ್ತಿರಲಿಲ್ಲ. ಸಾಧಾರಣ ಕಲಿಕೆಯವರೂ ಅದರ ಮೇಲೆ ಚೆನ್ನಾಗಿ ತಿರುಗುತ್ತಿದ್ದುದನ್ನು ಕಂಡ ಹಳಬರು ಅದಕ್ಕೆ ‘ಮೋಸಗಾರ’ ಎಂದು ಅಡ್ಡಹೆಸರಿಟ್ಟರು. ಹೆಡ್ 1969ರಲ್ಲಿ ಕಂಪನಿಯನ್ನು ಮಾರಿ ಟೆನಿಸ್ ಕಲಿಯಲು ಹೊರಟ. ಆ ಕಲಿಕೆಯಿಂದ ಪ್ರಿನ್ಸ್ ಕಂಪನಿಯ ಅಗಲ ತಲೆಯ ರ‍್ಯಾಕೆಟ್ ಹುಟ್ಟಿತು. ಒಬ್ಬನೇ ಮನುಷ್ಯ ಎರಡು ಕ್ರೀಡೆಗಳ ಸಲಕರಣೆಯನ್ನು ಬುಡದಿಂದ ಬದಲಿಸಿದ ಇಂಥ ಉದಾಹರಣೆ ಅಪರೂಪ.

ವೇಗ ಹೆಚ್ಚಿದಾಗ ಲೋಹ ಅದುರುತ್ತದೆ ಎಂದು ಸ್ಪರ್ಧಿಗಳು ಅನುಮಾನಿಸುತ್ತಿದ್ದರು. ಆ ಅನುಮಾನವನ್ನು ಮುರಿದದ್ದು 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್. ಫ್ರಾನ್ಸಿನ ಜಾನ್ ವುವಾರ್ನೆ ರೊಸಿನ್ಯೋಲ್ ಕಂಪನಿಯ ಲೋಹದ ಸ್ಕೀ ತೊಟ್ಟು ಡೌನ್‌ಹಿಲ್ ಚಿನ್ನ ಗೆದ್ದ. ಆ ವರ್ಷದ ಕ್ರೀಡಾಜ್ಯೋತಿಯನ್ನು ಹೊತ್ತಿಸಿದ್ದು ಮೋರ್ಗೆದಾಲ್‌ನಲ್ಲಿ ನೂರ್‌ಹೈಮ್ ಹುಟ್ಟಿದ ಮನೆಯಲ್ಲಿ. ಆ ಹೊತ್ತಿಗೆ ಫೈಬರ್‌ಗ್ಲಾಸ್ ಕೂಡ ಬಂದಿತ್ತು. ಮರದ ತಿರುಳಿನ ಸುತ್ತ ಗಾಜಿನ ನಾರನ್ನು ಅಂಟಿನಲ್ಲಿ ನೆನೆಸಿ ಸುತ್ತಿದ ಡೈನಾಮಿಕ್ ವಿಆರ್17, 1968ರ ಗ್ರೆನೋಬಲ್ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ ಗೆದ್ದ ಜಾನ್-ಕ್ಲೋಡ್ ಕಿಲಿಯ ಹೆಸರಿನೊಂದಿಗೆ ಇಂದಿಗೂ ಸೇರಿಕೊಂಡಿದೆ.

ತಿರುಚಿಕೊಳ್ಳದ ವಸ್ತು ಸಿಕ್ಕಿತು. ಆದರೂ ಸೊಂಟ ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು. ಇದಕ್ಕೆ ಅಭ್ಯಾಸಬಲವನ್ನೇ ಕಾರಣ ಎನ್ನಬೇಕು. ಉದ್ದನೆಯ, ನೇರವಾದ ಸ್ಕೀಯೇ ವೇಗದ್ದು ಎಂಬುದು ಸ್ಪರ್ಧಿಗಳ ನಂಬಿಕೆ. ಅಂಗಡಿಗಳು ಸ್ಪರ್ಧಿಗಳನ್ನೇ ಅನುಕರಿಸಿದವು. ಎತ್ತಿದ ಕೈಯ ಮಣಿಕಟ್ಟಿನವರೆಗೆ ಬರುವ ಸ್ಕೀ ಕೊಳ್ಳಬೇಕು ಎಂಬ ಹಳೆಯ ಅಳತೆ ಕಲಿಯುವವರನ್ನು ತಲೆಮಾರುಗಳ ಕಾಲ ಸುಮ್ಮನೆ ದಣಿಸಿತು. ಆಳವಾದ ಸೊಂಟ ಏನು ಮಾಡಬಲ್ಲದೆಂದು ತೋರಿಸಿದ್ದು ಎರಡೂ ಪಾದಗಳನ್ನು ಒಂದೇ ಹಲಗೆಗೆ ಕಟ್ಟಿಕೊಳ್ಳುವ ಸ್ನೋಬೋರ್ಡ್. ಸ್ಲೊವೇನಿಯದ ಬೆಗುನ್ಯೆ ಊರಿನ ಎಲಾನ್ ಕಾರ್ಖಾನೆಯಲ್ಲಿ ಯೂರಿ ಫ್ರಾಂಕೊ ಮತ್ತು ಪಾವೆಲ್ ಶ್ಕೋಫಿಟ್ಸ್ ಎಂಬ ಎಂಜಿನಿಯರುಗಳು ಸೊಂಟದ ಆಳವನ್ನು ಸುಮಾರು 7 ಮಿಲಿಮೀಟರಿನಿಂದ 20ರಾಚೆಗೆ ಒಯ್ದರು. 1993ರಲ್ಲಿ ಎಲಾನ್ ಎಸ್‌ಸಿಎಕ್ಸ್ ಹೊರಬಂತು. 1996ರಲ್ಲಿ ಬೋಡಿ ಮಿಲ್ಲರ್ ಎಂಬ ಅಮೆರಿಕದ ಹುಡುಗ ಕೆ2 ಕಂಪನಿಯ ಸೊಂಟದ ಸ್ಕೀ ತೊಟ್ಟು ಕಿರಿಯರ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಕೆಲವೇ ವರ್ಷಗಳಲ್ಲಿ ನೇರ ಸ್ಕೀಗಳು ಅಂಗಡಿಯಿಂದಲೇ ಮಾಯವಾದವು. ಹಿಂದೆ ಎರಡು ಮೀಟರಿಗೂ ಉದ್ದವಿದ್ದ ಪುರುಷರ ಸ್ಲಾಲಂ (ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಓಟದ) ಸ್ಕೀಗೆ ಇಂದು 165 ಸೆಂಟಿಮೀಟರ್ ಸಾಕು.

ಇಲ್ಲಿಗೆ ಕಥೆ ಮುಗಿಯಲಿಲ್ಲ. ತಿರುವಿನ ಬಿರುಸಿಗೆ ಸ್ಪರ್ಧಿಗಳ ಮಂಡಿಗಳು ಹಾಳಾಗುತ್ತಿವೆ ಎಂದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2012ರ ಋತುವಿನಿಂದ ಜೈಂಟ್ ಸ್ಲಾಲಂ ಸ್ಕೀಗಳ ಸೊಂಟದ ಆಳವನ್ನು ನಿಯಮದಿಂದಲೇ ತಗ್ಗಿಸಿತು; ಸ್ಪರ್ಧಿಗಳ ವಿರೋಧ ಬಂದು ಐದು ವರ್ಷಗಳ ನಂತರ ನಿಯಮ ಸಡಿಲಾಯಿತು. ಇತ್ತ ಮೆತ್ತಗಿನ ಆಳ ಹಿಮಕ್ಕೆಂದೇ ಸ್ಕೀಪಟು ಶೇನ್ ಮೆಕಾಂಕಿ 2002ರ ವೋಲಂಟ್ ಸ್ಪ್ಯಾಚುಲಾ ಎಂಬ ಸ್ಕೀಯಲ್ಲಿ ಸೊಂಟ, ಉಬ್ಬು ಎರಡನ್ನೂ ತಿರುವುಮುರುವು ಮಾಡಿದ: ನಡು ಅಗಲ, ತುದಿಗಳು ಕಿರಿದು, ಉಬ್ಬಿನ ಬದಲು ತುದಿಗಳೇ ಮೇಲಕ್ಕೆ.

ನಮ್ಮ ಅನೇಕ ಮನೆಗಳ ಮಕ್ಕಳು ಈಗ ಡೆನ್ವರಿನಲ್ಲೋ ಬಾಸ್ಟನ್ನಿನಲ್ಲೋ ಇದ್ದಾರೆ. ಆ ಕಡೆಯ ಹಳೆ ಸಾಮಾನಿನ ಮಾರಾಟಗಳಲ್ಲಿ ಇಂಥ ಸ್ಕೀಗಳು ಕಣ್ಣಿಗೆ ಬೀಳುವುದುಂಟು. ಕಂಡರೆ ಮಗುಚಿ ನೋಡಿ. ಅಂಚಿನಲ್ಲಿ ತುಂಡುತುಂಡು ಉಕ್ಕು, ಸಾಲು ತಿರುಪುಗಳಿದ್ದರೆ ಅದು ಲೆಟ್ನರನ ದಾರಿಯದು. ಪಕ್ಕದಲ್ಲಿ ಮರದ ಪದರಗಳು ಕಂಡರೆ ಅಂಟಿನ ಕಾಲದ್ದು. ಪಕ್ಕದ ಕೊಕ್ಕೆಗಳು ಕಂದಹಾರಿನ ಗುರುತು. ಕಪ್ಪು ಮೇಲ್ಮೈಯ ಹೆಡ್ ಸಿಕ್ಕರೆ ಅದೃಷ್ಟ. ಅವನ್ನು ತೊಟ್ಟು ಇಳಿಯಲು ಹೋಗಬೇಡಿ. ಬಿದ್ದಾಗ ಕಾಲನ್ನು ಬಿಟ್ಟುಕೊಡದ ಆ ಬೈಂಡಿಂಗುಗಳು ಮೂಳೆ ಮುರಿಯುತ್ತವೆ. ತೋಟದ ಕುರ್ಚಿ ಮಾಡಲು ಕೊಯ್ಯಲೂ ಬೇಡಿ, ಉಜ್ಜಿ ಹೊಸ ಬಣ್ಣ ಬಳಿಯಲೂ ಬೇಡಿ. ನ್ಯೂ ಹ್ಯಾಂಪ್‌ಶೈರಿನ ಫ್ರಾಂಕೋನಿಯಾ ನಾಚ್‌ನಲ್ಲಿ ನ್ಯೂ ಇಂಗ್ಲೆಂಡ್ ಸ್ಕೀ ಮ್ಯೂಸಿಯಂ ಇದೆ, ಓಸ್ಲೊದ ಹೋಲ್ಮೆನ್‌ಕೊಲೆನ್‌ನಲ್ಲಿ 1923ರಿಂದಲೂ ನಡೆದುಬಂದ ಸ್ಕೀ ವಸ್ತುಸಂಗ್ರಹಾಲಯವಿದೆ. ಮೊದಲು ಅಂಥ ಕಡೆ ತೋರಿಸಿ.