ಮಗಳ ಫೀಸು, ಅಪ್ಪನ ರಸೀದಿ

2024ರ ಜನವರಿ. 'ತೆರಿಗೆ ವಿನಾಯಿತಿಯ ದಾಖಲೆ ಅಪ್‌ಲೋಡ್ ಮಾಡಿ' ಅಂತ ಆಫೀಸಿನಿಂದ ಮೇಲ್ ಬಂತು. ಚಿಕ್ಕಬಳ್ಳಾಪುರದ ಬಾಡಿಗೆ ಮನೇಲಿ ಕೂತು ಫಾರಂ ತೆರೆದೆ. ಮಗಳ ಹೆಸರು ತುಂಬಿದೆ. ಮೂರನೇ ಕ್ಲಾಸು. ಸೆಕ್ಷನ್? ಅಡ್ಮಿಷನ್ ನಂಬರ್? ಫೀಸಿನ ರಸೀದಿ? ಒಂದೂ ನನ್ನ ಹತ್ತಿರ ಇರಲಿಲ್ಲ.

ನಾನೂ ಅವಳ ಅಮ್ಮನೂ ಬೇರೆಯಾಗಿ ಎರಡು ವರ್ಷವಾಗಿತ್ತು. ಮಗಳು ಚಿಂತಾಮಣಿಯಲ್ಲಿ ಅಮ್ಮನ ಜೊತೆ. ಜೀವನಾಂಶದ ಜೊತೆಗೆ ಫೀಸಿಗೆಂದು 40,000 ರೂಪಾಯಿ ಅವಳಮ್ಮನ ಖಾತೆಗೆ ಹಾಕಿದ್ದೆ. ದುಡ್ಡು ನನ್ನದು, ವಿನಾಯಿತಿಯೂ ನನ್ನದೇ ಅಂದುಕೊಂಡಿದ್ದೆ.

ಪರಿಚಯದ ಆಡಿಟರ್ ತಲೆಯಾಡಿಸಿದರು. "ಮಗು ಯಾರ ಮನೇಲಿದೆ ಅಂತ ಕಾಯ್ದೆ ಕೇಳಲ್ಲ ಸಾರ್. ಶಾಲೆಗೆ ಕಟ್ಟಿದವರು ಯಾರು ಅಂತ ಕೇಳುತ್ತೆ."

ಅವರು ಬಿಡಿಸಿ ಹೇಳಿದ್ದಿಷ್ಟು: 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಪ್ರಕಾರ ಇಬ್ಬರು ಮಕ್ಕಳವರೆಗೆ ಬೋಧನಾ ಶುಲ್ಕಕ್ಕೆ ವಿನಾಯಿತಿ ಉಂಟು. ಪಿಎಫ್, ಎಲ್‌ಐಸಿ ಎಲ್ಲ ಸೇರಿ ಮಿತಿ 1.5 ಲಕ್ಷ. ಡೊನೇಷನ್, ಡೆವಲಪ್‌ಮೆಂಟ್ ಫೀಸು, ಶಾಲಾ ಬಸ್ಸಿನ ದುಡ್ಡು ಇದರಲ್ಲಿ ಬರಲ್ಲ. ಜೀವನಾಂಶಕ್ಕೂ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡರೆ 80ಸಿಯೇ ಸಿಗಲ್ಲ. ಇದಕ್ಕೆ ಮಗುವಿನ ಆಧಾರ್ ಮುಖ್ಯವಲ್ಲ, ರಸೀದಿ ಮುಖ್ಯ. ತಂದೆ ತಾಯಿ ಇಬ್ಬರೂ ಕಟ್ಟಿದರೆ ತಾವು ತಾವು ಕಟ್ಟಿದ್ದಕ್ಕೆ ಮಾತ್ರ ಕೇಳಬಹುದು.

ಎಷ್ಟೋ ತಿಂಗಳ ಮೇಲೆ ಅವಳಮ್ಮನಿಗೆ ಫೋನ್ ಮಾಡಿದೆ. "ಮಗು ದಾಖಲೆ ಈಗ್ಯಾಕೆ ನಿಮಗೆ? ಮತ್ತೆ ಕೋರ್ಟಿಗೆ ಹೋಗ್ತೀರಾ?" ಅಂದಳು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಸೀದಿ ನನ್ನ ಹೆಸರಲ್ಲಿದೆ. ನಮ್ಮ ಆಫೀಸಿಗೆ ಕೊಟ್ಟಾಯ್ತು" ಅಂದಳು. ತಪ್ಪು ಅವಳದಲ್ಲ. ಶೇ 20ರ ತೆರಿಗೆ, ಮೇಲೆ ಶೇ 4 ಸೆಸ್ ಹಿಡಿದರೆ ಆ ವರ್ಷ ನನ್ನ ಕೈಬಿಟ್ಟಿದ್ದು 8,320 ರೂಪಾಯಿ.

ಮುಂದಿನ ಫೀಸು ನಾನೇ ಶಾಲೆಗೆ ಕಟ್ಟೋದು ಅಂತ ಇಬ್ಬರೂ ಒಪ್ಪಿಕೊಂಡೆವು. ಜೂನ್‌ನಲ್ಲಿ ರಜೆ ಹಾಕಿ, ಶಿಡ್ಲಘಟ್ಟದ ಮೇಲೆ ಹೋಗೋ ಬಸ್ಸು ಹಿಡಿದು ಚಿಂತಾಮಣಿಗೆ ಹೋದೆ. ಕೌಂಟರಿನಲ್ಲಿ ಕೇಳಿದರು: "ಯಾವ ಸೆಕ್ಷನ್?"

"ನಾಲ್ಕನೇ ಕ್ಲಾಸು, ಬಿ" ಅಂದೆ. ಹಿಂದಿನ ರಾತ್ರಿ ಫೋನಿನಲ್ಲಿ ಮಗಳೇ ಹೇಳಿದ್ದಳು. ರೋಲ್ ನಂಬರ್, ಪಕ್ಕದಲ್ಲಿ ಕೂರುವ ಗೆಳತಿಯ ಹೆಸರು ಎಲ್ಲ ಹೇಳಿ, ಕೊನೆಗೆ ಕೇಳಿದ್ದಳು: "ಅಪ್ಪಾ, ಇದನ್ನೆಲ್ಲ ನೀನು ಯಾಕೆ ಮುಂಚೆ ಕೇಳಿರಲಿಲ್ಲ?"