‘ಬೇಕು’ ಮತ್ತು ‘ಲೇಬೇಕು’

ತತ್ತ್ವಶಾಸ್ತ್ರ ಎಂದೊಡನೆ ನಮ್ಮ ಯುವಕ ಯುವತಿಯರಲ್ಲಿ ಹಲವರಿಗೆ ಆಕಳಿಕೆ ಬರುತ್ತದೆ. ಅದು ನಿವೃತ್ತರಿಗೆ, ಸಂಜೆಯ ಪ್ರವಚನಕ್ಕೆ ಹೋಗುವವರಿಗೆ ಮೀಸಲಾದ ವಿಷಯವೆಂದು ಅವರ ಎಣಿಕೆ. ಮನಶ್ಶಾಸ್ತ್ರವೆಂದರೆ ತಲೆ ಕೆಟ್ಟವರಿಗೆ ಮಾತ್ರ ಎಂಬುದು ಹಿರಿಯರಲ್ಲಿ ಕೆಲವರ ಎಣಿಕೆ. ಎರಡೂ ಸರಿಯಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಒಬ್ಬ ಗುಲಾಮನ ವಿಚಾರ ಇಂದು ಮನೋಚಿಕಿತ್ಸಕರ ಕೊಠಡಿಯಲ್ಲಿ ಮದ್ದಾಗಿ ಬಳಕೆಯಾಗುತ್ತಿದೆ. ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತು ಬರುವ ನಿಮಗೂ ಅದು ಉಪಯೋಗಕ್ಕೆ ಬರುವಂಥದು.

ಆ ಗುಲಾಮನ ಹೆಸರು ಎಪಿಕ್ಟೀಟಸ್. ಕ್ರಿ.ಶ. 50ರ ಸುಮಾರಿಗೆ, ಈಗಿನ ಟರ್ಕಿ ದೇಶದ ಹಿಯರಾಪೊಲಿಸ್‌ನಲ್ಲಿ ಹುಟ್ಟಿದವನು, ಕಾಲು ಕುಂಟು. ರೋಮಿನಲ್ಲಿ ಬಿಡುಗಡೆ ಹೊಂದಿ ತತ್ತ್ವಬೋಧನೆಗೆ ತೊಡಗಿದ. ಚಕ್ರವರ್ತಿ ಡೊಮಿಷಿಯನ್ ತತ್ತ್ವಜ್ಞಾನಿಗಳನ್ನು ಹೊರಗಟ್ಟಿದಾಗ ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಅಲ್ಲಿ ಶಾಲೆ ತೆರೆದ. ಅವನು ತಾನಾಗಿ ಏನನ್ನೂ ಬರೆದಿಡಲಿಲ್ಲ; ಶಿಷ್ಯ ಏರಿಯನ್ ಬರೆದಿಟ್ಟುಕೊಂಡದ್ದರಿಂದ ಅವನ ಪಾಠಗಳು ಉಳಿದವು. ಪಾಠದ ಸಾರ ಇಷ್ಟೆ: ನಮ್ಮ ಕೈಯಲ್ಲಿರುವುದು ಸ್ವಲ್ಪ, ಇಲ್ಲದಿರುವುದು ಬಹಳ. ನಡೆದ ಸಂಗತಿಗಿಂತ ಅದರ ಬಗ್ಗೆ ನಾವು ಕೊಟ್ಟುಕೊಳ್ಳುವ ತೀರ್ಪೇ ನಮ್ಮ ಮನಸ್ಸನ್ನು ಹೆಚ್ಚು ಕದಡುತ್ತದೆ.

ಈ ವಿಚಾರವನ್ನು ಇಪ್ಪತ್ತನೆಯ ಶತಮಾನದಲ್ಲಿ ಚಿಕಿತ್ಸೆಯನ್ನಾಗಿ ರೂಪಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ (1913-2007) ಪ್ರಮುಖರು. 1955ರ ಸುಮಾರಿಗೆ ಆರಂಭವಾದ ತಮ್ಮ ಪದ್ಧತಿಯ ಬೇರು ಎಪಿಕ್ಟೀಟಸ್‌ನಲ್ಲಿದೆಯೆಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್ ಇದೇ ದಾರಿಯಲ್ಲಿ ಖಿನ್ನತೆಗೆ ಚಿಕಿತ್ಸೆ ಕಂಡುಕೊಂಡರು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಕಾಗ್ನಿಟಿವ್ ಬಿಹೇವಿಯರ್ ಥೆರಪಿ’ ಬೆಳೆದುಬಂದದ್ದು ಹೀಗೆ.

ಎಲ್ಲಿಸರು ಇದನ್ನು ‘ಎ, ಬಿ, ಸಿ’ ಎಂದು ಸರಳಗೊಳಿಸಿದರು. ಕನ್ನಡದಲ್ಲಿ ಹೇಳುವುದಾದರೆ: ನಡೆದದ್ದು, ನಂಬಿದ್ದು, ಅನುಭವಿಸಿದ್ದು. ನಡೆದದ್ದರಿಂದಲೇ ನೇರವಾಗಿ ದುಃಖ ಬಂತೆಂದು ನಾವು ತಿಳಿಯುತ್ತೇವೆ. ನಡುವಿನ ‘ನಂಬಿದ್ದು’ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ನಂಬಿಕೆಗಳಲ್ಲಿ ಮೂರು ಹಠಗಳು ಮತ್ತೆ ಮತ್ತೆ ಕಾಣಿಸುತ್ತವೆ ಎಂಬುದು ಎಲ್ಲಿಸರ ಅನುಭವ. ನಾನು ಗೆಲ್ಲಲೇಬೇಕು. ಇತರರು ನನ್ನನ್ನು ಚೆನ್ನಾಗಿ ನಡೆಸಿಕೊಳ್ಳಲೇಬೇಕು. ಬದುಕು ಸಲೀಸಾಗಿರಲೇಬೇಕು.

ಇಲ್ಲಿ ನಮ್ಮ ಭಾಷೆಯ ಒಂದು ಸೊಗಸನ್ನು ಗಮನಿಸಿ. ‘ಗೆಲ್ಲಬೇಕು’ ಎಂಬುದಕ್ಕೂ ‘ಗೆಲ್ಲಲೇಬೇಕು’ ಎಂಬುದಕ್ಕೂ ವ್ಯತ್ಯಾಸ ಎಷ್ಟು? ಒತ್ತು ಕೊಡುವ ಒಂದು ಏಕಾರ. ಕಿವಿಗೆ ‘ಲೇ’ ಎಂದು ಕೇಳಿಸುವಷ್ಟು. ಮೊದಲನೆಯದು ಆಸೆ, ಎರಡನೆಯದು ಆಜ್ಞೆ. ಆಸೆ ಕೈಗೂಡದಿದ್ದರೆ ಬೇಸರವಾಗುತ್ತದೆ, ಮರುದಿನ ಮತ್ತೆ ಕೆಲಸಕ್ಕೆ ತೊಡಗಬಹುದು. ಆಜ್ಞೆ ನಡೆಯದಿದ್ದರೆ ಕಾಣುವುದು ಸೋಲಲ್ಲ, ಪ್ರಳಯ. ಯಾರನ್ನಾದರೂ ‘ಲೇ’ ಎಂದು ಕರೆಯುವುದು ನಮ್ಮಲ್ಲಿ ಮರ್ಯಾದೆಯ ಮಾತಲ್ಲ. ಆದರೆ ನಮ್ಮನ್ನು ನಾವೇ ದಿನಕ್ಕೆ ಹತ್ತು ಬಾರಿ ಹಾಗೆ ಗದರಿಸಿಕೊಳ್ಳುತ್ತಿರುತ್ತೇವೆ.

ಒಂದು ಉದಾಹರಣೆ ನೋಡೋಣ. ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಸಿ.ಎ. ಓದುವವರಿಗೆ ಕೊರತೆಯಿಲ್ಲ. ಫಲಿತಾಂಶ ಬಂತು, ಮಗಳು ನಪಾಸಾದಳು. ಎರಡು ದಿನ ಕೋಣೆಯ ಬಾಗಿಲು ತೆರೆಯಲಿಲ್ಲ ಎನ್ನಿ. ಪ್ರತಿ ಪತ್ರಿಕೆಯಲ್ಲಿ ಶೇ. 40, ಗ್ರೂಪಿನ ಒಟ್ಟಿನಲ್ಲಿ ಶೇ. 50 ಅಂಕ ಬೇಕೆಂಬುದು ಪರೀಕ್ಷೆಯ ನಿಯಮ. ‘ಮೊದಲ ಸಲವೇ ಪಾಸಾಗದವಳು ಯಾವುದಕ್ಕೂ ಬಾರದವಳು’ ಎಂಬ ನಿಯಮ ಯಾವ ಪುಸ್ತಕದಲ್ಲಿದೆ? ಅದನ್ನು ಬರೆದವರು ನಾವು: ಸ್ವಲ್ಪ ಅವಳು, ಸ್ವಲ್ಪ ಅಪ್ಪ ಅಮ್ಮ, ಸ್ವಲ್ಪ ಪಕ್ಕದ ಮನೆಯವರು. ಓದುವುದು ಅವಳ ಕೈಯಲ್ಲಿತ್ತು. ಪ್ರಶ್ನೆಪತ್ರಿಕೆ ಅವಳ ಕೈಯಲ್ಲಿರಲಿಲ್ಲ. ಅವಳು ಕೇಳಿಕೊಳ್ಳಬೇಕಾದ ಪ್ರಶ್ನೆ ‘ನಾನು ಎಂಥವಳು?’ ಎಂಬುದಲ್ಲ, ‘ಎಲ್ಲಿ ಅಂಕ ಹೋಯಿತು?’ ಎಂಬುದು. ಮೊದಲನೆಯದಕ್ಕೆ ಉತ್ತರವಿಲ್ಲ, ಎರಡನೆಯದಕ್ಕೆ ಇದೆ.

ಇನ್ನೊಂದು ಸಂಗತಿ ಹೊರನಾಡಿನಲ್ಲಿ ಬೆಳೆದ ನಿಮಗೇ ವಿಶೇಷವಾಗಿ ಸಂಬಂಧಿಸಿದ್ದು. ಊರಿನ ಮದುವೆಯಲ್ಲಿ ‘ಅಜ್ಜಿ ಬಂದ’ ಎಂದುಬಿಟ್ಟಿರಿ; ಅತ್ತೆಯ ಮಕ್ಕಳು ನಕ್ಕರು. ಅಂದಿನಿಂದ ನೀವು ಊರಿನಲ್ಲಿ ಹಿಂದಿಗೋ ಇಂಗ್ಲಿಷಿಗೋ ತಿರುಗಿದಿರಿ. ನಡೆದದ್ದು ಒಂದು ನಗು. ನಂಬಿದ್ದು, ‘ನನ್ನ ಕನ್ನಡದಲ್ಲಿ ತಪ್ಪೇ ಇರಬಾರದು, ಯಾರೂ ನಗಲೇಬಾರದು’ ಎಂದು. ಅನುಭವಿಸಿದ್ದು ಮೌನ. ಇದರಲ್ಲಿ ನಷ್ಟ ಯಾರಿಗೆ? ನಕ್ಕವರಿಗಂತೂ ಅಲ್ಲ. ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಮೊಮ್ಮಗ ಎದುರಿಗಿದ್ದೂ ದೂರವಾಗುತ್ತಾನೆ. ಅವರ ಬಾಯಲ್ಲಿ ಉಳಿದಿರುವ ಮನೆತನದ ಕಥೆಗಳು ಮತ್ತೆ ಸಿಗುವಂಥವಲ್ಲ.

ಇದಕ್ಕೆ ಎಲ್ಲಿಸರ ಬಾಳಿನಲ್ಲಿಯೇ ಮದ್ದಿದೆ. ಹತ್ತೊಂಬತ್ತರ ಹರೆಯದಲ್ಲಿ ಅವರಿಗೆ ಹುಡುಗಿಯರೊಡನೆ ಮಾತಾಡಲು ವಿಪರೀತ ಅಂಜಿಕೆ. ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ದಿನವೂ ಹೋಗಿ, ಬೆಂಚಿನ ಮೇಲೆ ಒಂಟಿಯಾಗಿ ಕುಳಿತ ಮಹಿಳೆಯರೊಡನೆ ಮಾತಿಗೆ ತೊಡಗುವುದೆಂದು ತಮಗೆ ತಾವೇ ವಿಧಿಸಿಕೊಂಡರು. ಒಂದು ತಿಂಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯ ಬಳಿ ಹೋದರಂತೆ. ಮತ್ತೆ ಭೇಟಿಯಾಗಲು ಒಪ್ಪಿದವಳು ಒಬ್ಬಳೇ, ಅವಳೂ ಬರಲಿಲ್ಲ! ಆದರೆ ಯಾರೂ ಪೊಲೀಸರನ್ನು ಕರೆಯಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ, ಅಂಜಿಕೆ ಹೋಯಿತು. ಕನ್ನಡಕ್ಕೂ ಇದೇ ಉಪಾಯ. ವಾರಕ್ಕೊಮ್ಮೆ ಅಜ್ಜಿಗೆ ಫೋನು ಮಾಡಿ, ಹತ್ತು ನಿಮಿಷ ತಪ್ಪುತಪ್ಪಾಗಿಯೇ ಮಾತಾಡಿ. ಅವರು ನಕ್ಕರೆ ನೀವೂ ನಗಿ. ಹತ್ತನೆಯ ವಾರಕ್ಕೆ ತಪ್ಪುಗಳು ಉಳಿದಿರಬಹುದು, ಸಂಕೋಚ ಅಷ್ಟಾಗಿ ಉಳಿದಿರದು.

ಒಂದು ಎಚ್ಚರಿಕೆಯ ಮಾತು. ಇದು ಅನ್ಯಾಯವನ್ನು ನುಂಗಿಕೊಂಡು ಕೂರುವ ತತ್ತ್ವವಲ್ಲ. ಮೇಲಧಿಕಾರಿ ಕಿರುಕುಳ ಕೊಟ್ಟರೆ ದೂರು ಕೊಡುವುದು ನಿಮ್ಮ ಕೈಯಲ್ಲಿದೆ, ಕೊಡಬೇಕು. ಸಾವು, ಅಗಲಿಕೆಗಳಿಗೆ ಅಳುವುದು ದೌರ್ಬಲ್ಯವೂ ಅಲ್ಲ. ವಾರಗಟ್ಟಲೆ ನಿದ್ದೆ, ಊಟ, ಆಸಕ್ತಿ ಯಾವುದೂ ಇಲ್ಲದಿದ್ದರೆ, ಬದುಕು ಬೇಡವೆನಿಸಿದರೆ, ‘ನಿನ್ನ ಯೋಚನೆ ಬದಲಿಸಿಕೋ’ ಎಂದು ಉಪದೇಶಿಸುವುದು ಕ್ರೌರ್ಯ. ಅದು ಕಾಯಿಲೆ, ವೈದ್ಯರು ಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ಮನಸ್ಸಿನ ವಿಚಾರ ಕನ್ನಡಕ್ಕೆ ಹೊಸದೂ ಅಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾಡನ್ನು ನಗಿಸಿದ ಕೈಯೇ ಮನಸ್ಸಿನ ಗಂಟುಗಳ ಬಗ್ಗೆಯೂ ಬರೆಯಿತು.

ಇಂದಿನಿಂದ ಒಂದು ಸಣ್ಣ ಪ್ರಯೋಗ ಮಾಡಿ. ಮನಸ್ಸು ಕೆಟ್ಟ ದಿನ ರಾತ್ರಿ ಮೂರು ಸಾಲು ಬರೆಯಿರಿ: ನಡೆದದ್ದು, ನಂಬಿದ್ದು, ಅನುಭವಿಸಿದ್ದು. ನಡುವಿನ ಸಾಲಿನಲ್ಲಿ ‘ಲೇಬೇಕು’ ಇದೆಯೇ ನೋಡಿ. ಇದ್ದರೆ ‘ಲೇ’ಯನ್ನು ಹೊಡೆದುಹಾಕಿ, ‘ಬೇಕು’ ಹಾಗೆಯೇ ಇರಲಿ. ಆಸೆಯನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಬರೆಯುವುದನ್ನು ಕನ್ನಡದಲ್ಲಿಯೇ ಬರೆದರೆ ಇನ್ನೂ ಒಳ್ಳೆಯದು. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.