ನಿರ್ಗಮನ, ದನಿ ಮತ್ತು ನಿಷ್ಠೆ

ಕ್ಷೀಣಿಸುತ್ತಿರುವ ಸಂಸ್ಥೆಯೊಂದರ ಅತೃಪ್ತ ಸದಸ್ಯರ ಮುಂದೆ ಎರಡು ಮುಖ್ಯ ಮಾರ್ಗಗಳಿರುತ್ತವೆ: ಬಿಟ್ಟುಹೋಗುವುದು, ಇಲ್ಲವೆ ಒಳಗಿದ್ದೇ ಆಕ್ಷೇಪವೆತ್ತುವುದು. ಬರ್ಲಿನ್ನಿನಲ್ಲಿ ಜನಿಸಿದ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ (1915-2012) ತಮ್ಮ 1970ರ ಗ್ರಂಥದಲ್ಲಿ ಇವನ್ನು ಕ್ರಮವಾಗಿ ನಿರ್ಗಮನ, ದನಿ ಎಂದು ಹೆಸರಿಸಿದರು.

ಈ ವಿಚಾರಕ್ಕೆ ಪ್ರೇರಣೆಯಾದುದು ನೈಜೀರಿಯಾದ ರೈಲ್ವೆ. ಲಾರಿಗಳ ಪೈಪೋಟಿಯಿದ್ದರೂ ಅದು ಸುಧಾರಿಸಲಿಲ್ಲ. ಕಾರಣವನ್ನು ಹರ್ಷ್‌ಮನ್ ಹೀಗೆ ವಿವರಿಸುತ್ತಾರೆ: ಗಟ್ಟಿಯಾಗಿ ದೂರಬಲ್ಲ ಗಿರಾಕಿಗಳೇ ಮೊದಲು ಲಾರಿಗಳತ್ತ ಹೊರಟುಹೋದರು, ವರಮಾನದ ನಷ್ಟವನ್ನು ಸರಕಾರದ ಬೊಕ್ಕಸ ತುಂಬಿಕೊಡುತ್ತಿದ್ದುದರಿಂದ ಅವರ ನಿರ್ಗಮನದ ಬಿಸಿ ಆಡಳಿತಕ್ಕೆ ತಟ್ಟಲಿಲ್ಲ. ಹೀಗೆ ಪೈಪೋಟಿಯೇ ದನಿಯನ್ನು ಕುಗ್ಗಿಸಿತು.

ನಿಷ್ಠೆಯ ಪಾತ್ರ ಇಲ್ಲಿ ಸ್ಪಷ್ಟವಾಗುತ್ತದೆ. ನಿಷ್ಠೆಯೆಂದರೆ ಮೌನವಲ್ಲ; ಅದು ನಿರ್ಗಮನವನ್ನು ತಡಮಾಡಿ ದನಿಗೆ ಕಾಲಾವಕಾಶ ನೀಡುತ್ತದೆ. ಆದರೆ ಹೊರಹೋಗುವ ಸಾಧ್ಯತೆಯೇ ಇಲ್ಲದವನ ಮಾತಿಗೆ ತೂಕ ಕಡಿಮೆ. ಇವೆರಡೂ ಸದಾ ಪರಸ್ಪರ ವಿರೋಧಿಗಳೂ ಅಲ್ಲ. 1989ರ ಪೂರ್ವ ಜರ್ಮನಿಯಲ್ಲಿ ಗಡಿ ದಾಟಿದವರ ಪ್ರವಾಹ, ಬೀದಿಗಿಳಿದವರ ಪ್ರತಿಭಟನೆ ಒಂದನ್ನೊಂದು ಬಲಪಡಿಸಿದುವೆಂದು ಅವರೇ 1993ರಲ್ಲಿ ತೋರಿಸಿಕೊಟ್ಟರು.

ಹೊರನಾಡ ಕನ್ನಡ ಶಾಲೆ, ಸಂಘಗಳ ಅಧ್ಯಯನಕ್ಕೂ ಈ ಚೌಕಟ್ಟು ಉಪಯುಕ್ತವೆಂದು ನಾವು ಭಾವಿಸುತ್ತೇವೆ. ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳ ಪೋಷಕರೇ ಮೊದಲು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರೆ, ಕೊರತೆಯನ್ನು ಪ್ರಶ್ನಿಸಲು ಉಳಿಯುವವರಾರು? ಹಾಜರಿ ಪುಸ್ತಕ ಹೋದವರ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಹೋಗುವ ಮುನ್ನ ಅವರು ಏನು ಕೇಳಿದ್ದರು, ಅದಕ್ಕೆ ಉತ್ತರ ದೊರೆಯಿತೆ ಎಂಬುದನ್ನು ಸಭಾ ನಡವಳಿಗಳಲ್ಲಿಯೂ ಪತ್ರವ್ಯವಹಾರದಲ್ಲಿಯೂ ಹುಡುಕಬೇಕಾಗಿದೆ.